ಆಯಿ, ಆಧಾರ್ ಕಾರ್ಡ್ ಮತ್ತು ನಟರಾಜ

ನಮ್ಮೂರು ಗಳಗನಾಥ. ವರದಾ ನದಿ ಬಂದು ತುಂಗಭದ್ರೆಯನ್ನು ಕೂಡುವ ಊರು. ಹೊಳೆ ದಂಡೆಗೇ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇದೆ. ಪಿರಮಿಡ್ಡಿನಂತೆ ಇಳಿಜಾರಾಗಿ ಕಟ್ಟಿದ ಅದರ ಬುನಾದಿ ನೋಡಲು ದೂರದಿಂದ ಜನ ಬರುತ್ತಾರೆ. ನನಗೆ ಮಾತ್ರ ಆ ಗುಡಿಯ ಅಂಗಳ ಅಂದರೆ ಮೊದಲ ಸ್ಟೇಜು.

ಆಗ ನನಗೆ ಎಂಟು ವರ್ಷ ಇರಬೇಕು. ಸಂಕ್ರಾಂತಿ. ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಜಳಕ ಮುಗಿಸಿದ ಮೇಲೆ ಬುತ್ತಿ ಬಿಚ್ಚಿದ್ದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮಾದ್ಲಿ. ಉಂಡವರು ಅಲ್ಲಲ್ಲೇ ಅಡ್ಡಾಗಿದ್ದರು. ಪಕ್ಕದಲ್ಲಿ ಕುಳಿತವರ ಮೊಬೈಲಿನಲ್ಲಿ ಯಾವುದೋ ಸಿನಿಮಾ ಹಾಡು ಬಂತು, ನಾನು ಎದ್ದು ಕುಣಿದೆ. ಒಂದು ಹಾಡು ನಾಲ್ಕಾಯಿತು. ಪರ ಊರಿನ ಹೆಣ್ಣುಮಕ್ಕಳು ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಹತ್ತು ರೂಪಾಯಿ ಕೈಗಿಟ್ಟು, ‘ಯಾರ ಮಗಳ ಇಕಿ?’ ಎಂದು ಕೇಳಿದಳು. ಅಪ್ಪ ಮೀಸೆ ತಿರುವಿ, ‘ನಮ್ಮಾಕೀನ ರೀ’ ಅಂದಿದ್ದ. ಆ ನೋಟನ್ನು ನಾನು ಬಹಳ ದಿನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ.

ಏಳನೇತ್ತೆವರೆಗೆ ಶಾಲೆಯ ಪ್ರತಿ ಗ್ಯಾದರಿಂಗಿನಲ್ಲೂ ನನ್ನ ಡ್ಯಾನ್ಸು ಇರುತ್ತಿತ್ತು. ವಿಡಿಯೊವನ್ನು ಅಪ್ಪನೇ ಬೀಗರಿಗೆಲ್ಲ ತೋರಿಸುತ್ತಿದ್ದ. ಹೈಸ್ಕೂಲಿಗೆ ಹೋದ ಮೇಲೆ ಮೊಬೈಲ್ ತೆಗೆಯುವುದು ಕಡಿಮೆಯಾಯಿತು. ಪಿಯುಸಿಯಲ್ಲಿ ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಕುಣಿದದ್ದು ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬಂತು. ಅದನ್ನು ನೋಡಿದ ಸಂಬಂಧಿಕರೊಬ್ಬರು ಫೋನ್ ಮಾಡಿ, ‘ನಿಮ್ಮ ಮಗಳಲ್ಲೇನು ಅಕಿ?’ ಎಂದು ಕೇಳಿದರು. ಪ್ರಶ್ನೆ ಹೊಳೆ ದಂಡೆಯದೇ, ಕೇಳಿದ ಧಾಟಿ ಬೇರೆ. ಅಪ್ಪ ಅವತ್ತು ಊಟ ಮಾಡಲಿಲ್ಲ. ಮರುದಿನ ಇಷ್ಟೇ ಹೇಳಿದ: ‘ಇನ್ನ ಸಾಕವಾ. ದೊಡ್ಡಾಕಿ ಆಗೀದಿ.’

ಅಪ್ಪನನ್ನು ಕೆಟ್ಟವನಾಗಿ ತೋರಿಸಲು ಇದನ್ನು ಬರೆಯುತ್ತಿಲ್ಲ. ಗೋವಿನಜೋಳದ ರೇಟು ಬಿದ್ದ ವರ್ಷವೂ ಸಾಲ ಮಾಡಿ ನನ್ನ ಕಾಲೇಜಿನ ಫೀಸು ಕಟ್ಟಿದವನು ಅವನೇ. ಅವನಿಗಿರುವುದು ಹೆದರಿಕೆ. ಸಂಜೆ ಬಸ್ ತಪ್ಪಿದರೆ? ಜನ ಏನಂದಾರು? ನಾಳೆ ಲಗ್ನದ ಮಾತಿಗೆ ಅಡ್ಡಿಯಾದರೆ? ಆದರೆ ಒಂದು ಮಾತು ನನಗೆ ಇವತ್ತಿಗೂ ತಿಳಿದಿಲ್ಲ. ದೇವರಗುಡ್ಡದ ದಸರೆಗೆ ಹೋದಾಗ ಎಪ್ಪತ್ತು ದಾಟಿದ ಗೊರವಪ್ಪ ಕಂಬಳಿ ಹೊದ್ದು ಡಮರು ಬಾರಿಸುತ್ತ ಕುಣಿದರೆ ಎಲ್ಲರೂ ಕೈ ಮುಗಿಯುತ್ತೇವೆ. ಡೊಳ್ಳು ಹೊತ್ತ ಕಾಕಾಗಳು ಬೆವರಿಳಿಯುವವರೆಗೆ ಕುಣಿದರೆ ಹಾರ ಹಾಕುತ್ತೇವೆ. ಹುಡುಗಿಯ ಕಾಲಿಗೆ ಮಾತ್ರ ಏಳನೇತ್ತೆಯೇ ಕೊನೆ ಎಂದು ಬರೆದವರು ಯಾರು?

ಬಿ.ಎ. ಓದಲು ದಿನಾಲೂ ಹಾವೇರಿಗೆ ಹೋಗಲು ಶುರು ಮಾಡಿದಾಗ ಒಂದು ಭರತನಾಟ್ಯ ತರಗತಿಯ ಬೋರ್ಡು ಕಣ್ಣಿಗೆ ಬಿತ್ತು. ವಾರಕ್ಕೊಮ್ಮೆ, ಭಾನುವಾರ. ಎರಡು ತಿಂಗಳು ಆ ಬೋರ್ಡನ್ನು ನೋಡುತ್ತಲೇ ಇದ್ದೆ. ಕಾಲೇಜಿನ ಲೈಬ್ರರಿಯಲ್ಲಿ ನೃತ್ಯದ ಪುಸ್ತಕ ಹುಡುಕುವಾಗ ಇನ್ನೊಂದು ಸಂಗತಿ ತಿಳಿಯಿತು. ನಮ್ಮೂರ ಗುಡಿಯ ಕಾಲದ ಚಾಲುಕ್ಯ ಮನೆತನದಲ್ಲೇ ಹುಟ್ಟಿದ ಮೂರನೇ ಸೋಮೇಶ್ವರ ಎಂಬ ರಾಜ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಗ್ರಂಥ ಬರೆಸಿದ್ದನಂತೆ. ಅದರಲ್ಲಿ ರಾಜ್ಯಭಾರ, ಅಡುಗೆ, ಆನೆ, ಕುದುರೆಗಳ ಜೊತೆ ನೃತ್ಯಕ್ಕೂ ಒಂದು ಭಾಗ ಇದೆ. ರಾಜನಿಗೆ ಅದೂ ಕಲಿಯಬೇಕಾದ ವಿದ್ಯೆ. ಅದೇ ಪುಸ್ತಕಗಳ ರ‍್ಯಾಕಿನಲ್ಲಿ ಬಾದಾಮಿಯ ನಟರಾಜನ ಫೋಟೊ ಸಿಕ್ಕಿತು. ಹದಿನೆಂಟು ಕೈ! ಮೊಬೈಲಿನಲ್ಲಿ ಫೋಟೊ ತೆಗೆದು ವಾಲ್‌ಪೇಪರ್ ಮಾಡಿಕೊಂಡೆ. ಇವನನ್ನು ಎದುರಿಗೆ ನಿಂತು ನೋಡಬೇಕು ಎಂಬ ಹುಚ್ಚು ಹಿಡಿದದ್ದು ಆಗ.

ಮನೆಯಲ್ಲಿ ಕೇಳುವ ಹಾಗಿರಲಿಲ್ಲ. ಕೇಳಿದ್ದು ಆಯಿ. ಅಪ್ಪನ ಅವ್ವ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಆಕೆಯ ಕಾಲು ನೆಲಕ್ಕೆ ಹತ್ತಿಲ್ಲ. ಆಧಾರ್ ಕಾರ್ಡನ್ನು ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ಸವದತ್ತಿ ಎಲ್ಲಮ್ಮ, ಧರ್ಮಸ್ಥಳ, ಸಿರಸಿ ಮಾರಿಕಾಂಬೆ ಎಲ್ಲ ಮುಗಿಸಿದಾಳೆ. ಅದಕ್ಕೂ ಮೊದಲು ಆಕೆ ನೋಡಿದ ದೊಡ್ಡ ಊರು ರಾಣೆಬೆನ್ನೂರು. ನನ್ನ ಮೊಬೈಲ್ ನೋಡಿ, ‘ಇದ್ಯಾವ ದೇವರ?’ ಅಂದಳು. ಬಾದಾಮಿಯದು ಅಂದೆ. ‘ಬನಶಂಕರಿ ಅಲ್ಲೇ ಐತಲ್ಲ’ ಎಂದವಳೇ ಅಪ್ಪನಿಗೆ ಕೂಗಿ ಹೇಳಿದಳು, ಈ ಬನದ ಹುಣ್ಣಿಮೆಗೆ ಜಾತ್ರೆಗೆ ಹೊಂಟೇನಿ, ಮೊಣಕಾಲು ನೋಯತಾವು, ಜೊತೆಗೆ ಈ ಹುಡುಗಿ ಬರಲಿ. ಅವ್ವನ ಹರಕೆಗೆ ಇಲ್ಲ ಎನ್ನುವ ಮಗ ನಮ್ಮ ಭಾಗದಲ್ಲಿ ಇಲ್ಲ.

ಹಾವೇರಿ, ಹುಬ್ಬಳ್ಳಿ, ಅಲ್ಲಿಂದ ನರಗುಂದ, ಕುಳಗೇರಿ ಕ್ರಾಸ್. ಒಂದು ಕಡೆ ನಿಂತು, ಒಂದು ಕಡೆ ಕಿಟಕಿ ಸೀಟು ಹಿಡಿದು ಹೋದೆವು. ಇಬ್ಬರಿಗೂ ಟಿಕೆಟ್ ಶೂನ್ಯ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ತಂದ ಅವ್ವಂದಿರ ಹತ್ತಿರ ರೊಟ್ಟಿ, ಕಾಳು ಪಲ್ಯ, ಗಡಿಗೆ ಮೊಸರು ಉಂಡೆವು (ಆಯಿಗೆ ಆ ರೊಟ್ಟಿ ದಪ್ಪ ಅನಿಸಿತು, ಅದನ್ನು ಅವರಿಗೇ ಹೇಳಿದಳು ಕೂಡ). ಅಲ್ಲಿಂದ ಬಾದಾಮಿ ಐದು ಕಿಲೋಮೀಟರು. ಪುಣ್ಯಕ್ಕೆ ನಟರಾಜ ಇರುವುದು ಎಲ್ಲಕ್ಕಿಂತ ಕೆಳಗಿನ ಮೊದಲನೇ ಗುಹೆಯಲ್ಲಿ. ಕೆಂಪು ಬಂಡೆಯ ಗೋಡೆಯ ಮೇಲೆ, ಹಿಂದೆ ನಂದಿ, ಪಕ್ಕದಲ್ಲಿ ಗಣಪ.

ನಾನು ಮಾತೇ ಆಡಲಿಲ್ಲ. ಫೋಟೊದಲ್ಲಿ ಕೈಗಳಷ್ಟೇ ಕಂಡಿದ್ದವು, ಎದುರಿಗೆ ನಿಂತಾಗ ಸೊಂಟದ ಬಾಗು ಕಂಡಿತು, ಎತ್ತಿದ ಹಿಮ್ಮಡಿ ಕಂಡಿತು. ಆರನೇ ಶತಮಾನದ ಕಲ್ಲು ಇನ್ನೂ ಕುಣಿಯುತ್ತಲೇ ಇದೆ ಅನಿಸಿತು. ಆಯಿ ಬೆರಳು ಮಡಚಿ ಕೈ ಎಣಿಸಿದಳು. ಎಣಿಸಿ ಮುಗಿಸಿ, ‘ಹದಿನೆಂಟ ಕೈ ಅದಾವು, ಒಂದರಾಗರೆ ರೊಟ್ಟಿ ಬಡಿಯಾಕತ್ತಾನೇನ ನೋಡು!’ ಅಂದಳು. ಸುತ್ತ ನಿಂತವರೆಲ್ಲ ನಕ್ಕರು. ಆಯಿ ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಹೇಳತೊಡಗಿದಳು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೋದ ಹುಡುಗಿಯರೆಲ್ಲ ಕೋಲು ಹಾಕುತ್ತಿದ್ದರಂತೆ. ಓಣಿಯಲ್ಲಿ ಆಯಿಯ ಹೆಜ್ಜೆಗೆ ಸಮ ಯಾರೂ ಇರಲಿಲ್ಲವಂತೆ. ಲಗ್ನವಾಗಿ ಗಳಗನಾಥಕ್ಕೆ ಬಂದ ವರ್ಷ ಕೋಲು ಹಿಡಿದು ಹೊರಗೆ ಹೊರಟಾಗ ಅತ್ತೆ ಕಣ್ಣಲ್ಲೇ ಒಳಗೆ ಕರೆದಳಂತೆ. ‘ಕೋಲು ಅಟ್ಟದ ಮ್ಯಾಲ ಇಟ್ಟೆ. ಆಮ್ಯಾಲ ಒಲಿಗೆ ಹಾಕಿದೆ, ಚಳಿಗಾಲದಾಗ.’ ಇಷ್ಟು ವರ್ಷ ಒಂದೇ ಮನೆಯಲ್ಲಿ ಮಲಗೆದ್ದರೂ ಈ ಕಥೆ ನನಗೆ ಗೊತ್ತಿರಲಿಲ್ಲ. ಅದು ಹೊರಗೆ ಬರಲು ಮೂರು ಬಸ್ ಹತ್ತಬೇಕಾಯಿತು.

ಉಚಿತ ಬಸ್ಸಿನ ಬಗ್ಗೆ ಏನೇನೋ ಜೋಕುಗಳು ಹರಿದಾಡುತ್ತವೆ. ಹೆಂಗಸರು ಕೆಲಸವಿಲ್ಲದೆ ತಿರುಗುತ್ತಾರೆ ಎಂಬುದು ಅದರಲ್ಲಿ ಮುಖ್ಯ. ತಿರುಗಲಿ ಬಿಡಿ ಅನ್ನುವುದು ನನ್ನ ವಾದ. ನಮ್ಮೂರ ಹೆಸರನ್ನು ಕಾವ್ಯನಾಮ ಮಾಡಿಕೊಂಡ ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಶಾಲೆಯ ಭಾಷಣದಲ್ಲಿ ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತೇವೆ. ಗಂಡಸು ತಿರುಗಿದರೆ ಚರಿತ್ರೆ, ಹೆಣ್ಣುಮಗಳು ತಿರುಗಿದರೆ ಚೇಷ್ಟೆಯೇ? ಸರ್ಕಾರ ಟಿಕೆಟ್ ಶೂನ್ಯ ಮಾಡಿತು. ಮನೆಯ ಹೊಸ್ತಿಲಲ್ಲಿ ಕೊಡಬೇಕಾದ ಲೆಕ್ಕ ಮಾತ್ರ ಹಾಗೇ ಉಳಿದಿದೆ. ಅಜ್ಜಿಯ ಮೊಣಕಾಲು ನೋವು ಇಲ್ಲದಿದ್ದರೆ ಇಪ್ಪತ್ತು ವರ್ಷದ ನಾನು ಬಾದಾಮಿ ನೋಡುತ್ತಿರಲಿಲ್ಲ ಎಂಬುದು ನನಗೆ ನಗೆ ತರುವ ವಿಷಯವಲ್ಲ.

ನನ್ನ ಮುಂದಿನ ಊರು ತಂಜಾವೂರು. ಅಲ್ಲಿನ ಬೃಹದೀಶ್ವರ ಗುಡಿಯ ಮೇಲಂತಸ್ತಿನಲ್ಲಿ ನಾಟ್ಯಶಾಸ್ತ್ರದ 108 ಕರಣಗಳನ್ನು ಕೆತ್ತಲು ಹೊರಟ ಶಿಲ್ಪಿಗಳು 81ಕ್ಕೆ ನಿಲ್ಲಿಸಿದ್ದಾರೆ. ಉಳಿದ ಕಲ್ಲುಗಳು ಖಾಲಿ ಇವೆ. ನನಗೆ ಕೆತ್ತಿದ್ದಕ್ಕಿಂತ ಆ ಖಾಲಿ ಕಲ್ಲು ನೋಡುವ ಆಸೆ ಹೆಚ್ಚು. ಅಲ್ಲಿಗೆ ಆಧಾರ್ ಕಾರ್ಡು ನಡೆಯುವುದಿಲ್ಲ, ದುಡ್ಡು ಕೂಡಿಸಬೇಕು.

ಅದಕ್ಕಿಂತ ಮೊದಲು ಭಾನುವಾರದ ತರಗತಿ. ಈ ಸಲವೂ ಆಯಿ ಒಂದು ನೆಪ ಹುಡುಕಿಟ್ಟಿದ್ದಳು, ಪ್ರತಿ ಭಾನುವಾರ ಹಾವೇರಿಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದಂತೆ. ನಾನು ಬೇಡ ಅಂದೆ. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫೀಸು ಎಷ್ಟು, ಬಸ್ಸು ಎಷ್ಟಕ್ಕೆ, ಕಲಿಸುವವರು ಯಾರು, ಸಂಜೆ ಎಷ್ಟಕ್ಕೆ ವಾಪಸು, ಜೂನಿಯರ್ ಪರೀಕ್ಷೆ ಅಂದರೆ ಏನು, ಎಲ್ಲ. ಆಯಿ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೇಳುತ್ತಿದ್ದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತ.

‘ನೋಡೂಣು’ ಅಂದ. ನಮ್ಮ ಮನೆಯಲ್ಲಿ ‘ನೋಡೂಣು’ ಅಂದರೆ ಹೂಂ ಅಲ್ಲ, ಉಹೂಂ ಕೂಡ ಅಲ್ಲ. ಮೊದಲ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಎಂದು ಅವನು ರಾತ್ರಿ ಮತ್ತೊಮ್ಮೆ ಕೇಳಿದ.