ನಮ್ಮ ಗಾಳಿ ನಿಮ್ಮ ಲೆಕ್ಕಕ್ಕೆ ಯಾಕಿಲ್ಲ?

ಬಿಳಿಚೋಡಿನ ಗಾಳಿಯಲ್ಲಿ ಏನಿದೆ? ಯಾರಾದರೂ ಹೇಳಿ ನೋಡೋಣ. ತಹಶೀಲ್ದಾರರು ಹೇಳಲಿ. ಶಾಸಕರು ಹೇಳಲಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೇಳಲಿ. ಯಾರ ಬಾಯಿಂದಲೂ ಉತ್ತರ ಬರುವುದಿಲ್ಲ. ಇಡೀ ಜಗಳೂರು ತಾಲ್ಲೂಕಿನಲ್ಲಿ ಹಗಲೂ ರಾತ್ರಿ ಗಾಳಿ ಅಳೆಯುವ ಒಂದೇ ಒಂದು ಕೇಂದ್ರವಿಲ್ಲ. ಮಳೆ ಅಳೆಯುತ್ತೀರಿ. ಹೊಲವನ್ನು ಗುಂಟೆಗಟ್ಟಲೆ ಅಳೆಯುತ್ತೀರಿ. ಕರೆಂಟು ಅಳೆದು ಮನೆ ಬಾಗಿಲಿಗೆ ಬಿಲ್ಲು ತರುತ್ತೀರಿ. ನಮ್ಮ ಮಕ್ಕಳು ಉಸಿರಾಡುವ ಗಾಳಿ ಮಾತ್ರ ನಿಮಗೆ ಬೇಡ.

ಅಳೆಯದಿದ್ದರೆ ಪುರಾವೆ ಇಲ್ಲ. ಪುರಾವೆ ಇಲ್ಲದಿದ್ದರೆ ಅಪರಾಧ ಇಲ್ಲ. ಅಪರಾಧ ಇಲ್ಲದಿದ್ದರೆ ಅಪರಾಧಿಯೂ ಇಲ್ಲ. ದಮ್ಮು ಹತ್ತಿದ ಮುದುಕ ಮಾತ್ರ ಇರುತ್ತಾನೆ, ಕೈಯಲ್ಲೊಂದು ಪಂಪು ಹಿಡಿದು, ದಾವಣಗೆರೆ ಬಸ್ಸಿಗೆ ಕಾಯುತ್ತ.

ಕಾನೂನು ಇಲ್ಲವೇ? ಇದೆ. 1981ರಿಂದ ಇದೆ. ಗಾಳಿ ಕೆಡದಂತೆ ತಡೆಯಲೆಂದೇ ಸಂಸತ್ತು ಕಾಯ್ದೆ ಮಾಡಿ ನಾಲ್ಕು ದಶಕ ದಾಟಿತು. ಭೋಪಾಲದಲ್ಲಿ 1984ರ ಡಿಸೆಂಬರಿನ ಒಂದು ರಾತ್ರಿ ವಿಷಾನಿಲಕ್ಕೆ ಸಾವಿರಾರು ಜನ ಸತ್ತ ಮೇಲೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಗಾಳಿ ಕಾಯ್ದೆಗೇ ತಿದ್ದುಪಡಿ ತಂದು ಹಲ್ಲು ಕೊಟ್ಟರು. ವಿಷ ಉಗುಳುವ ಘಟಕದ ವಿದ್ಯುತ್ತು ಕಡಿಯಬಹುದು, ನೀರು ನಿಲ್ಲಿಸಬಹುದು, ಬಾಗಿಲಿಗೆ ಬೀಗ ಜಡಿಯಬಹುದು. ಮಂಡಳಿಗೆ ಅಷ್ಟು ಅಧಿಕಾರ ಇದೆ. ಶುದ್ಧ ಗಾಳಿ, ಶುದ್ಧ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಇನ್ನೇನು ಬೇಕಿತ್ತು ನಿಮಗೆ? ಯಾರ ಅಪ್ಪಣೆಗೆ ಕಾಯುತ್ತಾ ಕೂತಿದ್ದೀರಿ?

ಆ ಹಲ್ಲುಗಳಲ್ಲೂ ಒಂದನ್ನು ಈಗ ಕಿತ್ತಿದ್ದಾರೆ. 2023ರಲ್ಲಿ ಜನ ವಿಶ್ವಾಸ್ ಎಂಬ ಕಾಯ್ದೆ ಪಾಸಾಯಿತು. ಅದುವರೆಗೆ ಗಾಳಿ ಕೆಡಿಸಿದ ಅಪರಾಧ ಸಾಬೀತಾದರೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲಿಗೆ ಹಾಕಲು ಅವಕಾಶವಿತ್ತು. 2024ರ ಏಪ್ರಿಲ್ 1ರಿಂದ ಆ ಜಾಗದಲ್ಲಿ ದಂಡ ಬಂದು ಕೂತಿದೆ. 10 ಸಾವಿರ ರೂಪಾಯಿಯಿಂದ 15 ಲಕ್ಷ. ಕೋರ್ಟಿನ ಕಟಕಟೆಯೂ ಬೇಡ, ಒಬ್ಬ ಅಧಿಕಾರಿ ಕೂತು ತೀರ್ಮಾನ ಮಾಡಿದರೆ ಸಾಕು. ಹಾಕಿದ ದಂಡ ಕಟ್ಟದೆ ಬಾಕಿ ಉಳಿಸಿಕೊಂಡರೆ ಮಾತ್ರ ಜೈಲಿನ ಮಾತು.

ವ್ಯಾಪಾರ ಸಲೀಸಾಗಲಿ ಅಂತಂತೆ. ಯಾರ ವ್ಯಾಪಾರ? ಯಾರ ಎದೆಗೂಡಿನ ಮೇಲೆ? ಕೋಟಿ ಕೋಟಿ ಎಣಿಸುವವನಿಗೆ 10 ಸಾವಿರ ಯಾವ ಲೆಕ್ಕ? ಅವನು ಅದನ್ನು ಖರ್ಚಿನ ಪಟ್ಟಿಗೆ ಸೇರಿಸುತ್ತಾನೆ, ಡೀಸೆಲ್ಲಿನ ಕೆಳಗೆ, ಕೂಲಿಯ ಮೇಲೆ. ಹಸಿವಿಗೆ ಕಳ್ಳತನ ಮಾಡಿದವನು ಇವತ್ತಿಗೂ ಜೈಲಿಗೆ ಹೋಗುತ್ತಾನೆ. ಒಂದು ಊರಿನ ಉಸಿರು ಕದ್ದವನು ರಸೀದಿ ಹರಿಸಿಕೊಂಡು ಮನೆಗೆ ಹೋಗುತ್ತಾನೆ. ಇದಕ್ಕೆ ಕೈ ಎತ್ತಿದವರು ನಮ್ಮ ಓಟು ತಗೊಂಡು ಹೋದವರು. ನಮ್ಮನ್ನು ಒಂದು ಮಾತು ಕೇಳಿದರಾ?

ದಾವಣಗೆರೆ ಕಡೆ ತಿರುಗಿ ನೋಡಿ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿದ್ದವು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ದಾವಣಗೆರೆ. ನಮ್ಮ ಜಿಲ್ಲಾ ಕೇಂದ್ರ! ನಾವು ಜೋಳ ಮಾರಲು ಹೋಗುವ ಊರು, ಮಗುವಿಗೆ ಜ್ವರ ಬಂದರೆ ಓಡುವ ಊರು, ಹುಡುಗರನ್ನು ಕಾಲೇಜಿಗೆ ಕಳಿಸುವ ಊರು. ಅದರ ಗಾಳಿ ಕೆಟ್ಟಿದೆ ಎಂದು ಸರ್ಕಾರವೇ ಬರೆದುಕೊಟ್ಟಿದೆ.

ಅಲ್ಲಿನ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋಗಿದ್ದೀರಾ? ಖಾರ ಮಂಡಕ್ಕಿ, ಮೆಣಸಿನಕಾಯಿ ಎಂದರೆ ನಾಡಿಗೆಲ್ಲ ಬಾಯಲ್ಲಿ ನೀರು. ಆ ಮಂಡಕ್ಕಿ ಅರಳುವುದು ಎಲ್ಲಿ? ಆಜಾದ್ ನಗರ, ಬಾಷಾ ನಗರದ ಆಸುಪಾಸಿನ ಕಪ್ಪು ಹಿಡಿದ ಶೆಡ್ಡುಗಳಲ್ಲಿ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿ ಉಪ್ಪುನೀರು ಹಿಡಿಸಬೇಕು, ಕಾದ ಮರಳಿನಲ್ಲಿ ಹುರಿಯಬೇಕು. ಬೆಳಗಿನ ಜಾವದಿಂದ ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಲ್ಲಬೇಕು. ಆ ಬೆಂಕಿಗೆ ವರ್ಷಗಟ್ಟಲೆ ಹಾಕಿದ್ದೇನು? ಹಳೇ ಟೈರು. ಸೌದೆಗಿಂತ ಅಗ್ಗ ಅಂತ ಟೈರು. ಅದರ ಹೊಗೆಯಲ್ಲಿ ಗಂಧಕದ ಅನಿಲವಿದೆ, ಬೆಂಜೀನ್ ಇದೆ, ಪುಪ್ಪುಸದ ತಳಕ್ಕೆ ಇಳಿದು ಕೂರುವ ಮಸಿ ಇದೆ. ಅದನ್ನು ಕುಡಿದವರು ಯಾರು? ದಿನಗೂಲಿ ಹೆಂಗಸರು. ಶಾಲೆ ಬಿಟ್ಟು ಬಂದ ಹುಡುಗರು. ಪಕ್ಕದ ಗೋಡೆಗೆ ತೊಟ್ಟಿಲು ಕಟ್ಟಿದ ತಾಯಂದಿರು.

ಭಟ್ಟಿಯ ಬಡವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೊಟ್ಟಿನ ಒಲೆ ಕೊಡಿ, ಒಳ್ಳೆ ಚಿಮಣಿ ಕಟ್ಟಿಸಿಕೊಡಿ, ಸಾಲ ಕೊಡಿ, ಅವನೇನೂ ಬೇಡ ಅನ್ನುವುದಿಲ್ಲ. ಸಿಟ್ಟು ಇರುವುದು ಆ ಹೊಗೆಯ ಕೆಳಗೇ ಕಾರಿನ ಗಾಜು ಏರಿಸಿಕೊಂಡು ಹೋದವರ ಮೇಲೆ. ನೋಟಿಸು ಕೊಟ್ಟು ಫೈಲು ಮುಚ್ಚಿದವರ ಮೇಲೆ. ಚುನಾವಣೆ ಬಂದಾಗ ಆ ಓಣಿಯ ಓಟು ಎಣಿಸಿ, ಆ ಓಣಿಯ ಕೆಮ್ಮು ಎಣಿಸದವರ ಮೇಲೆ.

ಶುದ್ಧ ಗಾಳಿಗೆಂದು ದುಡ್ಡು ಬಂತಲ್ಲ, ಅದೆಲ್ಲಿ ಹೋಯಿತು? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ದೇಶದ ಲೆಕ್ಕ ಬಿಚ್ಚಿಟ್ಟಿತು. ನೂರಕ್ಕೆ 64 ರೂಪಾಯಿ ರಸ್ತೆ ಧೂಳಿಗೆ. ಕೈಗಾರಿಕೆಯ ಹೊಗೆ ತಡೆಯಲು ನೂರಕ್ಕೆ ಒಂದು ರೂಪಾಯಿಯೂ ಇಲ್ಲ, 61 ಪೈಸೆ. ರಸ್ತೆ ಗುಡಿಸುವುದು ಸುಲಭ. ನೀರು ಸಿಂಪಡಿಸಿ ಫೋಟೋ ಹೊಡೆಸಿಕೊಳ್ಳುವುದು ಇನ್ನೂ ಸುಲಭ. ಕಾರ್ಖಾನೆ ಬಾಗಿಲಿಗೆ ಹೋಗಿ ನಿಲ್ಲಲು ಗುಂಡಿಗೆ ಬೇಕು.

ಆ ಶುದ್ಧ ಗಾಳಿ ಕಾರ್ಯಕ್ರಮ ಇರುವುದೇ 130ರ ಆಸುಪಾಸಿನ ನಗರಗಳಿಗೆ. ಹಳ್ಳಿಗೆ ಇಲ್ಲ. ಹೋಬಳಿಗೆ ಇಲ್ಲ. ಪಾಲಿಕೆಯ ಗಡಿಗಲ್ಲು ಕಂಡು ಹೊಗೆ ನಿಲ್ಲುತ್ತದೆಯೇ? ಬಿಳಿಚೋಡು, ಜಗಳೂರು, ನ್ಯಾಮತಿ, ಚನ್ನಗಿರಿಯ ಜನರ ಪುಪ್ಪುಸ ಬೇರೆ ಮಾಂಸದ್ದೇ?

ಜಲ್ಲಿ ಕ್ರಷರಿನ ಕಥೆ ಕೇಳಿ. ನಮ್ಮ ಮಧ್ಯ ಕರ್ನಾಟಕದಲ್ಲಿ ಗುಡ್ಡ ಇದ್ದ ಕಡೆಯೆಲ್ಲ ಅದರದೇ ಸದ್ದು. ಧೂಳು ಹಾರದಂತೆ ಯಂತ್ರ ಮುಚ್ಚಬೇಕು, ಗಾಳಿತಡೆ ಗೋಡೆ ಕಟ್ಟಬೇಕು, ಒಳರಸ್ತೆಗೆ ಡಾಂಬರು ಹಾಕಬೇಕು, ನೆಲ ತೇವ ಇಡಬೇಕು, ಸುತ್ತ ಮರ ಬೆಳೆಸಬೇಕು. ಇದು ಕೇಂದ್ರದ ನಿಯಮ. ರಾಜ್ಯಕ್ಕೆ ತನ್ನದೇ ಕ್ರಷರ್ ಕಾಯ್ದೆ ಇದೆ, 2011ರದ್ದು. ಕಾಗದದ ಮೇಲೆ ಒಂದು ಅಕ್ಷರವೂ ಕಮ್ಮಿ ಇಲ್ಲ. ತಾಡಪಾಲು ಹೊದಿಸದ ಟಿಪ್ಪರಿನ ಹಿಂದೆ ಬೈಕಿನಲ್ಲಿ ಹೋದವರಿಗೆ ಗೊತ್ತು, ಆ ಕಾಗದದ ಬೆಲೆ ಎಷ್ಟು ಅಂತ. ಕಲ್ಲಿನ ಪುಡಿ ಕುಡಿದು ಬರುವ ಸಿಲಿಕೋಸಿಸ್‌ಗೆ ಔಷಧಿಯೇ ಇಲ್ಲ. ಕಾನೂನಿನ ಪ್ರಕಾರ ವೈದ್ಯರು ಆ ಕಾಯಿಲೆಯನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆದರೆ ಎಷ್ಟೋ ಕಲ್ಲು ಕೂಲಿಗಳ ಚೀಟಿಯಲ್ಲಿ ಬರೆಯುವುದು ಕ್ಷಯ ಅಂತ. ಕ್ಷಯ ಅಂದರೆ ರೋಗಾಣುವಿನ ತಪ್ಪು. ಸಿಲಿಕೋಸಿಸ್ ಅಂದರೆ ಮಾಲೀಕ ಪರಿಹಾರ ಕೊಡಬೇಕು. ಯಾವ ಹೆಸರು ಬರೆದರೆ ಯಾರಿಗೆ ಲಾಭ, ಹೇಳಿ.

ಹೊನ್ನಾಳಿಯ ಆಚೆ, ಶಿವಮೊಗ್ಗದ ಹುಣಸೋಡಿನ ಕಲ್ಲು ಕ್ವಾರಿ ಬಳಿ 2021ರ ಜನವರಿ 21ರ ರಾತ್ರಿ ಸ್ಫೋಟಕ ಸಿಡಿದಾಗ ಭೂಕಂಪ ಅಂದುಕೊಂಡು ಜನ ಬೀದಿಗೆ ಓಡಿ ಬಂದರು. ಕೂಲಿಗೆ ಬಂದವರ ದೇಹ ಛಿದ್ರವಾಗಿತ್ತು. ಅವತ್ತು ಮಂತ್ರಿಗಳು ಬಂದರು, ಅಧಿಕಾರಿಗಳು ಬಂದರು. ಅದಕ್ಕೂ ಮೊದಲು ಎಷ್ಟು ವರ್ಷ ಅಲ್ಲಿ ಕಲ್ಲು ಸಿಡಿಯುತ್ತಿತ್ತು? ಕಿವಿ ಕೇಳುತ್ತಿರಲಿಲ್ಲವೇ? ಸದ್ದಿಲ್ಲದೆ ಧೂಳಿಗೆ ಸಾಯುವವರ ಮನೆಗೆ ಯಾವ ಮಂತ್ರಿ ಹೋಗಿದ್ದಾನೆ?

ಕಾವಲುಗಾರರೇ ಇಲ್ಲ ಅನ್ನುತ್ತಾರೆ. ನಿಜ. ದೇಶದ ಮಾಲಿನ್ಯ ಮಂಡಳಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುದ್ದೆ ಖಾಲಿ ಎಂದು ಹಸಿರು ನ್ಯಾಯಮಂಡಳಿಯ ಮುಂದೆಯೇ ಲೆಕ್ಕ ಹೋಗಿದೆ. ಖಾಲಿ ಇಟ್ಟವರು ಯಾರು? ಮೇಲಿಂದ ಉದುರಿತೇ ಆ ಖಾಲಿ? ಇನ್ನು ಮಿತಿಯ ಮಾತು. ಸೂಕ್ಷ್ಮ ಕಣ, ಅಂದರೆ ಪಿಎಂ 2.5, ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 2009ರಲ್ಲಿ ಬರೆದ 40. ಎಂಟು ಪಟ್ಟು! ಅದನ್ನಾದರೂ ಪಾಲಿಸುತ್ತೀರಾ ಅಂದರೆ, ಅಳೆದರೆ ತಾನೆ?

ನಾವೂ ಸುಮ್ಮನೆ ಕೂತಿದ್ದೇವೆ. ಟಿಪ್ಪರಿನ ಮಾಲೀಕ ಪರಿಚಯದವನು, ಅವನ ಅಣ್ಣ ಪಕ್ಷದವನು, ಜಾತ್ರೆಗೆ ಚಂದಾ ಕೊಟ್ಟವನು. ಬಾಯಿ ಬಿಡುವುದು ಹೇಗೆ ಅನ್ನುತ್ತೇವೆ. ಒಕ್ಕಣೆ ಮುಗಿದ ಮೇಲೆ ಸೊಪ್ಪೆಗೆ ಬೆಂಕಿ ಇಟ್ಟು ಹೊಗೆ ಎಬ್ಬಿಸುತ್ತೇವೆ. ಬದಿಯ ಮನೆಯ ಬಾಣಂತಿ ಕೆಮ್ಮಿದರೆ ಬಾಗಿಲು ಹಾಕಿಕೊಳ್ಳಮ್ಮ ಅನ್ನುತ್ತೇವೆ. ಎಷ್ಟು ಬಾಗಿಲು ಹಾಕುತ್ತೀರಿ?

ಸುಮ್ಮನೆ ಕೂರದವರೂ ಇದ್ದರು. ಹರಿಹರದ ಎದುರು ದಂಡೆ, ಕುಮಾರಪಟ್ಟಣದ ಕಾರ್ಖಾನೆ ತುಂಗಭದ್ರೆಯನ್ನು ಕೆಡಿಸುತ್ತಿದೆ ಎಂದು 1980ರ ದಶಕದಲ್ಲಿ ನದಿಪಾತ್ರದ ಹಳ್ಳಿಯವರು ಎದ್ದು ನಿಂತರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಜೊತೆ ನಿಂತರು. ಬೀದಿಗಿಳಿದರು, ಕೋರ್ಟು ಹತ್ತಿದರು. ಆಗಲೂ ಕಾಯ್ದೆ ಇತ್ತು, ಮಂಡಳಿ ಇತ್ತು. ಎರಡನ್ನೂ ಎಬ್ಬಿಸಲು ರೈತರು, ಮೀನುಗಾರರು ಕೂಗಬೇಕಾಯಿತು.

ಮುಂದಿನ ಗ್ರಾಮಸಭೆಗೆ ಬನ್ನಿ. ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದು ನಿಲ್ಲಿ. ಬಿಳಿಚೋಡಿನಲ್ಲಿ ಗಾಳಿ ಅಳೆಯುವ ಯಂತ್ರ ಕೂರಬೇಕು, ಅದರ ಅಂಕಿ ದಿನಾ ಪಂಚಾಯ್ತಿ ಗೋಡೆಯ ಮೇಲೆ ಬರಬೇಕು ಎಂದು ಕೇಳಿ. ದಮ್ಮಿನ ರೋಗಿಗಳ ಲೆಕ್ಕ ಆಸ್ಪತ್ರೆಯಿಂದ ತರಿಸಿ. ತಾಲ್ಲೂಕಿನಲ್ಲಿ ಯಾವ ಕ್ರಷರಿಗೆ, ಯಾವ ಭಟ್ಟಿಗೆ ಯಾವ ಷರತ್ತಿನ ಮೇಲೆ ಪರವಾನಗಿ ಕೊಟ್ಟಿರಿ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಕೂರಬೇಡಿ. ಬರೆದದ್ದನ್ನು ಓದಿಸಿ. ಅಧ್ಯಕ್ಷರ ಸಹಿ ಬಿದ್ದ ಮೇಲೆ ನಕಲು ತಗೊಂಡು, ಟ್ರ್ಯಾಕ್ಟರು ಕಟ್ಟಿಕೊಂಡು ದಾವಣಗೆರೆ ಡಿಸಿ ಆಫೀಸಿಗೆ ಹೋಗೋಣ. ನಾನು ಬರುತ್ತೇನೆ.