ಯಂತ್ರದ ಕಣ್ಣಿಗೆ ಬೆಳಕು, ಹೆಣ್ಣಿನ ಕಣ್ಣಿಗೆ ಮಬ್ಬು

ತೊಗರಿ ರಾಶಿ ಮುಗಿದು ಮಾಲು ಮಿಲ್ಲಿಗೆ ಬರುವ ದಿನಗಳಲ್ಲಿ, ಹುಮನಾಬಾದ್ ಕಡೆಯಿಂದ ಬಸವಕಲ್ಯಾಣಕ್ಕೆ ಸಂಜೆ ಹೊತ್ತು ಹೊರಟವರು ದಾರಿಯಲ್ಲಿ ಸಿಗುವ ಬೇಳೆ ಮಿಲ್ಲೊಂದರೊಳಗೆ ಹೊಕ್ಕು ನೋಡಬೇಕು. ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಹೊಟ್ಟೆಯೊಳಗೆ ಹಾಲಿನಂಥ ಎಲ್‌ಇಡಿ ಬೆಳಕು. ಕ್ಯಾಮೆರಾದ ಮುಂದಿನ ಗಾಜಿಗೆ ಧೂಳು ಕೂತರೆ ಒರೆಸಲು ಅದಕ್ಕೊಂದು ವೈಪರ್. ಅಲ್ಲಿಂದ ಹತ್ತು ಹೆಜ್ಜೆಯಾಚೆ ಚೀಲದ ಮೇಲೆ ಕೂತು ಮರದಲ್ಲಿ ಬೇಳೆ ಹಸನ ಮಾಡುವ ಹೆಂಗಸರು. ಅವರ ತಲೆಯ ಮೇಲೆ, ತಗಡಿನ ಚಾವಣಿಯಿಂದ ಜೋತುಬಿದ್ದ ಒಂದು ಟ್ಯೂಬ್‌ಲೈಟ್. ಅದರ ಪಟ್ಟಿಯ ಮೇಲೆ ಬೆರಳ ದಪ್ಪ ಹೊಟ್ಟಿನ ಧೂಳು. ಒರೆಸಲು ವೈಪರ್ ಇಲ್ಲ, ಏಣಿಯೂ ಇಲ್ಲ. ಎಲ್ಲ ಮಿಲ್ಲುಗಳೂ ಹೀಗಿಲ್ಲ ನಿಜ. ಆದರೆ ಇಂಥ ಮಿಲ್ಲು ನಮ್ಮ ಕಡೆ ಅಪರೂಪವೂ ಅಲ್ಲ.

ಬೆಳಕಿಲ್ಲದೆ ಕ್ಯಾಮೆರಾ ಕುರುಡು ಎಂಬುದು ಯಂತ್ರ ಮಾಡಿದವನಿಗೆ ಗೊತ್ತು. ಮನುಷ್ಯನ ಕಣ್ಣಿಗೂ ಅದೇ ಲೆಕ್ಕ ಎಂಬುದನ್ನು ಯಂತ್ರ ಕೊಂಡವರು ಮರೆತಿದ್ದಾರೆ. ಮಿಲ್ಲು ಕಟ್ಟುವಾಗ ದೀಪದ ಮಾತು ಕಡೆಗೆ ಬರುತ್ತದೆ. ಅದೂ ವೈರಿಂಗಿನವನ ಪಾಲಿಗೆ, ಉಳಿದ ದುಡ್ಡಿನಲ್ಲಿ. ನಮ್ಮ ತಕರಾರು ಇಷ್ಟೇ: ದೀಪ ಸೇರಬೇಕಾದದ್ದು ಕರೆಂಟ್ ಬಿಲ್ಲಿನ ಲೆಕ್ಕಕ್ಕಲ್ಲ, ಜರಡಿ ಮತ್ತು ಅಯಸ್ಕಾಂತದ ಸಾಲಿಗೆ.

ಹಸನ ಮಾಡುವ ಕಣ್ಣು ಏನೇನು ಹುಡುಕಬೇಕು ನೋಡಿ. ಕೆಂಪು ಮಣ್ಣಿನ ಸಣ್ಣ ಹೆಂಟೆ ಸಿಪ್ಪೆ ಬಿಡದ ತೊಗರಿಕಾಳಿನ ಹಾಗೇ ಕಾಣುತ್ತದೆ. ಇಲಿಯ ಹಿಕ್ಕೆ ಕರಕಾದ ಕಾಳಿನ ಹಾಗೆ. ಮಾರಾಟಕ್ಕೆ ನಿಷೇಧವಿರುವ ಕೇಸರಿ ಬೇಳೆ ತೊಗರಿಬೇಳೆಯ ತದ್ರೂಪು. ಅದರ ಚೌಕಾಕಾರ, ಒಂದು ಬದಿಯ ಓರೆ ಅಂಚು ಕಣ್ಣಿಗೆ ಬಿದ್ದರಷ್ಟೇ ಗುರುತು. ಹಿಂದಿನವರು ಈ ಕೆಲಸವನ್ನು ಒಳಮನೆಯಲ್ಲಿ ಮಾಡದೆ ಮರ ಹಿಡಿದು ಕಟ್ಟೆಗೋ ಅಂಗಳಕ್ಕೋ ಬಂದು ಕೂರುತ್ತಿದ್ದರು. ಬೆಳಕನ್ನು ಅಳೆಯುವ ಲಕ್ಸ್ ಮಾನದಲ್ಲಿ ನಡುಹಗಲ ಬಿಸಿಲು ಸುಮಾರು 1 ಲಕ್ಷ. ಅಂಗಳದ ನೆರಳಿನಲ್ಲೂ ಸಾವಿರಾರು. ಧೂಳು ಹಿಡಿದ ಟ್ಯೂಬಿನಡಿ ಕೆಲವೊಮ್ಮೆ ನೂರೂ ದಾಟುವುದಿಲ್ಲ. ಆಗ ಕಣ್ಣಿಗಿಂತ ಹೆಚ್ಚು ದುಡಿಯುವುದು ಬೆರಳು. ಬೆರಳಿಗೆ ಕಲ್ಲು ಸಿಗಬಹುದು, ಬಣ್ಣ ಸಿಗದು.

ನಿಯಮ ಇಲ್ಲವೇ? ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಲೈಸೆನ್ಸ್ ನಿಯಮಾವಳಿಯ ನಾಲ್ಕನೇ ಅನುಸೂಚಿ ಎರಡು ಮಾತು ಹೇಳುತ್ತದೆ: ಶುಚಿಯಾಗಿ ಕೆಲಸ ಮಾಡಲು ಸಾಕಷ್ಟು ಬೆಳಕಿರಬೇಕು, ದೀಪ ಒಡೆದರೆ ಚೂರು ಆಹಾರಕ್ಕೆ ಬೀಳದಂತೆ ರಕ್ಷಣೆ ಇರಬೇಕು. ತೊಡಕಿರುವುದು ‘ಸಾಕಷ್ಟು’ ಎಂಬ ಪದದಲ್ಲಿ. ಮಾಲೀಕನಿಗೆ ಸಾಕಾದದ್ದು ಹಸನ ಮಾಡುವವಳಿಗೆ ಸಾಲುವುದಿಲ್ಲ. ಅಮೆರಿಕದ ಆಹಾರ ಸಂಹಿತೆ ಈ ಪದಕ್ಕೆ ಅಂಕಿ ಕೊಟ್ಟಿದೆ: ಕೈ, ಚಾಕು, ಯಂತ್ರ ಆಹಾರ ಮುಟ್ಟುವ ಜಾಗದಲ್ಲಿ 540 ಲಕ್ಸ್, ಕೈ ತೊಳೆಯುವಲ್ಲಿ 215, ಒಣ ದಾಸ್ತಾನಿನ ಕೋಣೆಯಲ್ಲಿ 108. ನಮ್ಮ ತಪಾಸಣೆಗೆ ಬರುವವರ ಚೀಲದಲ್ಲಿ ಒಂದು ಲಕ್ಸ್ ಮೀಟರ್ ಇದ್ದರೆ ‘ಸಾಕಷ್ಟು’ ಎಂಬುದರ ಜಗಳ ಒಂದು ನಿಮಿಷದಲ್ಲಿ ತೀರುತ್ತದೆ.

ಇನ್ನು ಎಂಥ ದೀಪ? ಮೊದಲ ಪ್ರಶ್ನೆ, ಒಡೆದರೆ ಏನಾಗುತ್ತದೆ ಎಂಬುದು. ಅಯಸ್ಕಾಂತ ಕಬ್ಬಿಣ ಹಿಡಿಯುತ್ತದೆ, ಜರಡಿ ಗಾತ್ರ ಹಿಡಿಯುತ್ತದೆ. ಬೇಳೆಯಷ್ಟೇ ಗಾತ್ರದ ಗಾಜಿನ ಚೂರು ಎರಡನ್ನೂ ದಾಟಿ ಯಾರದೋ ಮನೆಯ ಕುಕ್ಕರಿಗೆ ಹೋಗುತ್ತದೆ. ಆದ್ದರಿಂದ ಗಾಜು ಬೇಡ, ಪಾಲಿಕಾರ್ಬೊನೇಟ್ ಹೊದಿಕೆ ಇರಲಿ. ಎರಡನೆಯದು ಧೂಳು. ದೀಪದ ಬೆನ್ನು ಚಪ್ಪಟೆಯಾಗಿದ್ದರೆ ಹೊಟ್ಟು ಅಲ್ಲೇ ಗೂಡು ಕಟ್ಟಿ, ಗಾಳಿ ಬಂದಾಗ ಹಸನಾದ ಬೇಳೆಯ ಮೇಲೇ ಉದುರುತ್ತದೆ. ಬೆನ್ನು ಇಳಿಜಾರಾಗಿ ನುಣುಪಾಗಿರಬೇಕು, ಕೈಗೆಟುಕಬೇಕು. ಬೇಳೆ-ಹಿಟ್ಟಿನ ಧೂಳು ಹೊತ್ತಿಕೊಳ್ಳುವ ಸರಕು ಎಂಬುದೂ ನೆನಪಿರಲಿ. ಡಬ್ಬಿಯ ಮೇಲೆ ಐಪಿ65 ಎಂದಿದ್ದರೆ, ಮೊದಲ ಅಂಕಿ ಧೂಳು ಒಳಗೆ ನುಸುಳದು ಎನ್ನುತ್ತದೆ. ಎರಡನೆಯದು ಪೈಪಿನ ನೀರಿನ ರಭಸ ತಾಳುತ್ತದೆ ಎನ್ನುತ್ತದೆ. ಒಣ ಬೇಳೆಗೆ ಮೊದಲನೆಯದು ಮುಖ್ಯ. ಶುಂಠಿ ತೊಳೆಯುವಲ್ಲಿ, ಖೋವಾ ಕಾಸುವಲ್ಲಿ ಎರಡೂ ಬೇಕು. ಬಿಸಿನೀರನ್ನು ಒತ್ತಡದಿಂದ ಹಾಯಿಸಿ ತೊಳೆಯುವ ಕಡೆ ಐಪಿ69 ಬೇಕು.

ಮೂರನೆಯದು ಬಣ್ಣ. ಬಿಸಿಲಿಗೆ 100 ಅಂಕ ಎಂದಿಟ್ಟು ದೀಪದ ಬಣ್ಣದ ನಿಷ್ಠೆಯನ್ನು ಅಳೆಯುವ ಸಿಆರ್‌ಐ ಎಂಬ ಅಂಕಿ ಇದೆ. ಅದು 80ಕ್ಕಿಂತ ಕಡಿಮೆಯಾದರೆ ಹಳದಿಗಳೆಲ್ಲ ಒಂದೇ ಹಳದಿ. ನಾಲ್ಕನೆಯದು ಹುಳ. ಬಾಗಿಲ ನೆತ್ತಿಯ ಮೇಲೆ ದೀಪ ಹಾಕುವುದೆಂದರೆ ಹುಳಗಳನ್ನು ಬಾಗಿಲಿಗೇ ಕರೆದ ಹಾಗೆ. ದೀಪವನ್ನು ದೂರದ ಕಂಬಕ್ಕೆ ಹಾಕಿ ಅಲ್ಲಿಂದ ಬಾಗಿಲಿಗೆ ಬೆಳಕು ಬಿಡಬೇಕು. ಇದಕ್ಕೆ ಹೆಚ್ಚುವರಿ ಖರ್ಚು ಒಂದಿಷ್ಟು ವೈರು.

ಈ ಮಾತು ಈಗಲೇ ಏಕೆಂದರೆ, ಹಳೆಯ ಟ್ಯೂಬುಗಳ ಕಾಲ ಮುಗಿಯುತ್ತಿದೆ. ಅವುಗಳೊಳಗೆ ಪಾದರಸವಿದೆ. ಪಾದರಸದ ಕುರಿತ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಇಂಥ ದೀಪಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರ ಹೊತ್ತಿಗೆ ನಿಲ್ಲಿಸಲು ಒಪ್ಪಿವೆ. ಹೇಗೂ ಬದಲಿಸಲೇಬೇಕು. ಆದರೆ ಹಳೆ ಪಟ್ಟಿಗೇ ಅಗ್ಗದ ಎಲ್‌ಇಡಿ ಕೊಳವೆ ಸಿಕ್ಕಿಸಿ ಕೈ ತೊಳೆದುಕೊಂಡರೆ ಸಾಲದು. ಎಲ್‌ಇಡಿ ಕೊಳವೆಗಳಲ್ಲೂ ಎಷ್ಟೋ ಗಾಜಿನವೇ. ಪಾದರಸ ಹೋಯಿತು, ಚೂರು ಉಳಿಯಿತು ಎಂದಂತಾಗುತ್ತದೆ.

ದುಡ್ಡಿಲ್ಲ ಎನ್ನುವ ನೆಪವೂ ಪೂರ್ತಿ ನಿಲ್ಲುವುದಿಲ್ಲ. ಕಿರು ಆಹಾರ ಸಂಸ್ಕರಣೆಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆ ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಕೊಟ್ಟಿತು. ಇಂಥ ಯೋಜನೆಗಳ ಸಾಲದ ಅರ್ಜಿಯಲ್ಲಿ ಯಂತ್ರದ ಕೊಟೇಶನ್ ಕೇಳುವ ಬ್ಯಾಂಕು ದೀಪದ ಬಗ್ಗೆಯೂ ಒಂದು ಸಾಲು ಕೇಳಲಿ: ಎಲ್ಲಿ, ಎಷ್ಟು ಲಕ್ಸ್, ಯಾವ ಹೊದಿಕೆ.

ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡು ಆಯ್ದಕ್ಕಿ ಎಂದೇ ಹೆಸರಾದ ಮಾರಯ್ಯ-ಲಕ್ಕಮ್ಮ ಬಾಳಿದ ಊರು ಕಲ್ಯಾಣ. ಕಾಳು ಆಯುವ ಕೈಗೆ ಬೆಲೆ ಕೊಡುವುದನ್ನು ಈ ಊರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಮಾಲೀಕರಲ್ಲಿ ನಮ್ಮದೊಂದು ಸಣ್ಣ ಕೋರಿಕೆ. ಮೀಟರ್ ಬರುವ ತನಕ ಕಾಯಬೇಡಿ. ಇವತ್ತು ಸಂಜೆ ಏಳರ ಮೇಲೆ ಆ ಹೆಂಗಸರು ಕೂರುವ ಚೀಲದ ಮೇಲೆ, ಅದೇ ದೀಪದಡಿ ಕೂತು ಒಂದು ಮರ ಬೇಳೆ ಹಸನ ಮಾಡಿ. ಬೆಳಗ್ಗೆ ಅದನ್ನೇ ಬಿಸಿಲಿಗೆ ಹರವಿ ನೋಡಿ.