ಮೀರ್‌ಪುರದಿಂದ ಬಂದವರು, ಕಂಪಾಲಾದಿಂದ ಬಂದವರು

2022ರ ಅಕ್ಟೋಬರಿನಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ಕರ್ನಾಟಕ ಅವರನ್ನು ಮನೆಯ ಅಳಿಯನೆಂದೇ ಕೊಂಡಾಡಿತು. ನಾರಾಯಣ ಮೂರ್ತಿ, ಸುಧಾ ಮೂರ್ತಿ ದಂಪತಿಯ ಮಗಳ ಕೈಹಿಡಿದವರು ಡೌನಿಂಗ್ ಸ್ಟ್ರೀಟ್ ಸೇರಿದ್ದಕ್ಕೆ ಹಿಗ್ಗುವುದು ಸಹಜವೇ. ಆದರೆ ಆ ಹಿಗ್ಗಿನ ಬೆನ್ನಿಗೇ ಒಂದು ವಾದವೂ ಹರಿದಾಡತೊಡಗಿತು, ಇಂದಿಗೂ ನಿಂತಿಲ್ಲ. ಒಂದೇ ಉಪಖಂಡದಿಂದ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬ್ರಿಟನ್ನಿಗೆ ಹೋದ ಭಾರತೀಯರು ಮೇಲೇರಿದರು, ಪಾಕಿಸ್ತಾನಿಯರು ಕೆಳಗೇ ಉಳಿದರು; ಬಣ್ಣ ಒಂದೇ, ಎದುರಿಸಿದ ಜನಾಂಗದ್ವೇಷವೂ ಒಂದೇ; ಆದ್ದರಿಂದ ವ್ಯತ್ಯಾಸವಿರುವುದು ಸಂಸ್ಕೃತಿಯಲ್ಲಿ, ಇನ್ನೂ ಬಿಡಿಸಿ ಹೇಳುವುದಾದರೆ ಧರ್ಮದಲ್ಲಿ ಎಂಬುದು ಆ ವಾದ. ಇದಕ್ಕೆ ಆಧಾರವಾಗಿ ಕೊಡುವ ಅಂಕಿಗಳು ಸುಳ್ಳಲ್ಲ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಲೆಕ್ಕ ಹಾಕಿದಂತೆ 2018ರಲ್ಲಿ ಅಲ್ಲಿನ ಭಾರತೀಯ ಮೂಲದ ನೌಕರರ ಗಂಟೆಯ ಮಧ್ಯಮ ವೇತನ 13.47 ಪೌಂಡ್, ಬಿಳಿಯ ಬ್ರಿಟಿಷರದು 12.03, ಪಾಕಿಸ್ತಾನಿಯರದು ಸರಿಯಾಗಿ 10. ಸ್ವಂತ ಮನೆ, ಉದ್ಯೋಗ, ಮಕ್ಕಳ ಬಡತನ, ಯಾವುದನ್ನು ತೆಗೆದುಕೊಂಡರೂ ಅಂತರ ಎದ್ದು ಕಾಣುತ್ತದೆ. ಅಂಕಿಗಳು ನಿಜ, ಅವುಗಳಿಂದ ಎಳೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಈ ಎರಡು ಸಮುದಾಯಗಳ ಅಂತರವು ಮುಖ್ಯವಾಗಿ ಹೇಳುವುದು ಯಾರು ಯಾವ ಬಾಗಿಲಿನಿಂದ ಒಳಬಂದರು, ಎಲ್ಲಿ ನೆಲೆಸಿದರು ಎಂಬುದನ್ನು. ಯಾರು ಯಾವ ದೇವರನ್ನು ನಂಬುತ್ತಾರೆ ಎಂಬುದನ್ನಲ್ಲ.

ಮೊದಲು ಪಾಕಿಸ್ತಾನಿಯರೆಂದರೆ ಯಾರು ಎಂದು ನೋಡಬೇಕು. ಬ್ರಿಟನ್ನಿನ ಪಾಕಿಸ್ತಾನಿ ಮೂಲದವರಲ್ಲಿ ಬಹುಪಾಲು ಜನರ ಬೇರು ಲಾಹೋರಿನಲ್ಲೂ ಇಲ್ಲ, ಕರಾಚಿಯಲ್ಲೂ ಇಲ್ಲ. ಅದಿರುವುದು ಪಾಕ್ ಆಡಳಿತದ ಕಾಶ್ಮೀರದ ಮೀರ್‌ಪುರ ಮತ್ತು ಅದರ ಸುತ್ತಲಿನ ಗುಡ್ಡಗಾಡಿನಲ್ಲಿ. ಮಳೆ ನಂಬಿದ ತುಂಡು ಹೊಲಗಳ ಸೀಮೆ ಅದು. ಅಲ್ಲಿನ ಗಂಡಸರು ಬ್ರಿಟಿಷರ ಕಾಲದಿಂದಲೇ ಹಡಗುಗಳಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. 1960ರ ಸಿಂಧೂ ನದಿ ಒಪ್ಪಂದದ ನಂತರ ಝೇಲಂ ನದಿಗೆ ಅಡ್ಡವಾಗಿ ಮಂಗ್ಲಾ ಅಣೆಕಟ್ಟು ಎದ್ದಿತು. 1967ರ ಹೊತ್ತಿಗೆ ಹಳೆಯ ಮೀರ್‌ಪುರ ಪಟ್ಟಣವೂ ನೂರಾರು ಹಳ್ಳಿಗಳೂ ನೀರಿನಡಿ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಹೀಗೆ ಒಕ್ಕಲೆದ್ದವರಲ್ಲಿ ಅನೇಕರು ಕೆಲಸದ ಪರವಾನಗಿ ಹಿಡಿದು, ಆಗಲೇ ಹೋಗಿ ನೆಲೆಸಿದ್ದ ಊರವರ ಬೆನ್ನುಹತ್ತಿ ಇಂಗ್ಲೆಂಡಿಗೆ ಹೊರಟರು. ಅದೇ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಬಿಟ್ಟ ಶರಾವತಿ ಮುಳುಗಡೆಯವರ ಪಾಡು ನಮಗೆ ಗೊತ್ತು. ಎರಡು ತಲೆಮಾರು ಕಳೆದರೂ ಅವರಲ್ಲಿ ಎಷ್ಟೋ ಕುಟುಂಬಗಳು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ಆ ಕಷ್ಟಕ್ಕೆ ಅವರ ಸಂಸ್ಕೃತಿಯೇ ಕಾರಣವೆಂದು ಯಾರಾದರೂ ಹೇಳಿದರೆ ಮಲೆನಾಡು ಸುಮ್ಮನಿರುತ್ತದೆಯೇ?

ಮೀರ್‌ಪುರದವರು ಇಳಿದದ್ದು ಬ್ರಾಡ್‌ಫರ್ಡ್, ಓಲ್ಡಮ್, ಬರ್ನ್ಲಿಯಂಥ ಗಿರಣಿ ಪಟ್ಟಣಗಳಲ್ಲಿ. ಹೊಸ ಯಂತ್ರಗಳಿಗೆ ಸುರಿದ ಬಂಡವಾಳ ಹುಟ್ಟಬೇಕಾದರೆ ಗಿರಣಿಗಳು ಹಗಲೂ ರಾತ್ರಿ ಓಡಬೇಕಿತ್ತು. ಸ್ಥಳೀಯರು ಬೇಡವೆಂದ ರಾತ್ರಿ ಪಾಳಿಯನ್ನು ಈ ಜನ ತುಂಬಿದರು. ಇಂಗ್ಲಿಷ್ ಬೇಕಾಗಿರಲಿಲ್ಲ, ಓದು ಬೇಕಾಗಿರಲಿಲ್ಲ, ಮೇಲೇರುವ ಮೆಟ್ಟಿಲೂ ಇರಲಿಲ್ಲ. ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳುವುದು ಅವರ ಲೆಕ್ಕಾಚಾರವಾಗಿತ್ತು. ಆದರೆ 1962ರಿಂದ ಒಂದರ ಮೇಲೊಂದರಂತೆ ಬಂದ ವಲಸೆ ಕಾನೂನುಗಳು, ಒಮ್ಮೆ ಹೊರಟರೆ ಮತ್ತೆ ಬರಲಾಗದೇನೋ ಎಂಬ ಭಯ ಹುಟ್ಟಿಸಿ, ಹೆಂಡತಿ ಮಕ್ಕಳನ್ನೂ ಅಲ್ಲಿಗೇ ಕರೆಸಿಕೊಳ್ಳುವಂತೆ ಮಾಡಿದವು. ಕುಟುಂಬಗಳು ಬಂದು ನೆಲೆಯೂರುವ ಹೊತ್ತಿಗೆ, ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ಆರಂಭದಲ್ಲಿ, ಗಿರಣಿಗಳೇ ಮುಚ್ಚಿದವು. ನಡುವಯಸ್ಸಿನ, ಅಕ್ಷರ ಬಾರದ, ನೇಯ್ಗೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಗಂಡಸರು ಒಟ್ಟಾಗಿ ಬೀದಿಗೆ ಬಿದ್ದರು. ಅವರು ಕೊಂಡಿದ್ದ ಅಗ್ಗದ ಸಾಲುಮನೆಗಳ ಬೆಲೆ ಲಂಡನ್ನಿನ ಮನೆಗಳಂತೆ ಏರಲೂ ಇಲ್ಲ. ಅಂಕಿಗಳಲ್ಲಿ ಕಾಣುವ ಪಾಕಿಸ್ತಾನಿ ಮಕ್ಕಳ ಬಡತನ ಅಲ್ಲಿಂದ ಶುರುವಾದದ್ದು.

ಇನ್ನು ಭಾರತೀಯರ ಕಡೆಗೆ ಬರೋಣ. ಆ ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ಗುಂಪಿನ ಜನರಿದ್ದಾರೆ. ಸೌತಾಲ್‌ನ ಕಾರ್ಖಾನೆಗಳಿಗೂ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಎರಕದ ಕಾರ್ಖಾನೆಗಳಿಗೂ ಬಂದ ಪಂಜಾಬಿನ ರೈತ ಮಕ್ಕಳು ಮೊದಲನೆಯವರು. ರಾಷ್ಟ್ರೀಯ ಆರೋಗ್ಯ ಸೇವೆಗೆ ಬಂದ ವೈದ್ಯರು, ಆಮೇಲೆ ಈ ಶತಮಾನದಲ್ಲಿ ಕೌಶಲದ ವೀಸಾ ಹಿಡಿದು ಬಂದ ಸಾಫ್ಟ್‌ವೇರ್ ಎಂಜಿನಿಯರುಗಳು ಎರಡನೆಯವರು. ಇವರಲ್ಲಿ ಬೆಂಗಳೂರಿನಿಂದ ಹೋದ ಕನ್ನಡಿಗರೂ ಸಾಕಷ್ಟಿದ್ದಾರೆ. ಮೂರನೆಯವರು ಪೂರ್ವ ಆಫ್ರಿಕಾದಿಂದ ಬಂದವರು. ಕೀನ್ಯಾದಲ್ಲಿ ಆಫ್ರಿಕೀಕರಣದ ನೀತಿ ಬಿಗಿಯಾದ ಮೇಲೆ 1968ರ ಆಸುಪಾಸಿನಲ್ಲಿ ಹಲವರು ಬಂದರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು 90 ದಿನಗಳ ಗಡುವು ಕೊಟ್ಟು ಓಡಿಸಿದಾಗ ಉಗಾಂಡದಿಂದ 27,000ಕ್ಕೂ ಹೆಚ್ಚು ಜನ ಬ್ರಿಟನ್ನಿಗೆ ಬಂದಿಳಿದರು. ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮೂರಿಗೆ ಬರಬೇಡಿ ಎಂದಿತ್ತು. ಇವರು ಬರಿಗೈಯಲ್ಲಿ ಬಂದು ಗೆದ್ದರು ಎನ್ನುವ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಕಂಪಾಲಾದ ಅಂಗಡಿ, ಮನೆ, ಬ್ಯಾಂಕ್ ಖಾತೆ ಅಲ್ಲೇ ಉಳಿದವು ಎಂಬುದು ಸತ್ಯ. ಅಮೀನನ ಸೈನಿಕರಿಗೆ ಕಿತ್ತುಕೊಳ್ಳಲಾಗದ್ದೂ ಇತ್ತು: ಇಂಗ್ಲಿಷ್ ಶಾಲೆಯ ಓದು, ಲೆಕ್ಕಪತ್ರ ಬರೆಯುವ ಕೈ, ಮೂರು ತಲೆಮಾರಿನ ವ್ಯಾಪಾರದ ಅನುಭವ, ವಸಾಹತು ಆಡಳಿತದೊಂದಿಗೆ ವ್ಯವಹರಿಸಿದ ಪಳಗಿಕೆ, ಊರೂರಲ್ಲಿರುವ ನೆಂಟರ ಸಾಲದ ಜಾಲ. ಇವರು ಮೊದಲಿಗೆ ಕೆಳಗಿನ ಕೆಲಸವನ್ನೇ ಮಾಡಿದರು. ಲಂಡನ್ನಿನ ಗ್ರನ್ವಿಕ್ ಫೋಟೋ ಸಂಸ್ಕರಣಾ ಘಟಕದಲ್ಲಿ 1976ರಿಂದ ಎರಡು ವರ್ಷ ನಡೆದ ಮುಷ್ಕರದಲ್ಲಿ ಜಯಾಬೆನ್ ದೇಸಾಯಿ ಮುನ್ನಡೆಸಿದ ಸೀರೆಯುಟ್ಟ ಹೆಂಗಸರಲ್ಲಿ ಬಹಳಷ್ಟು ಮಂದಿ ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿಗಳು. ಅವರ ಪರಿಶ್ರಮವನ್ನೂ ಧೈರ್ಯವನ್ನೂ ಯಾರೂ ಅಲ್ಲಗಳೆಯಲಾರರು. ಆದರೆ ಮಧ್ಯಮ ವರ್ಗದಿಂದ ತಳ್ಳಿಸಿಕೊಂಡವರು ಮತ್ತೆ ಮಧ್ಯಮ ವರ್ಗಕ್ಕೆ ಏರುವುದು ಒಂದು ಹಾದಿ, ಮುಳುಗಿದ ಹಳ್ಳಿಯ ಸಣ್ಣ ರೈತ ಅಲ್ಲಿಗೆ ಏರುವುದು ಬೇರೆಯೇ ಹಾದಿ. ಎರಡಕ್ಕೂ ಒಂದೇ ಗಡಿಯಾರ ಹಿಡಿಯುವುದು ನ್ಯಾಯವಲ್ಲ.

ಈ ಇಬ್ಬರನ್ನು ಬೇರ್ಪಡಿಸುವ ದೇಶದ ಹೆಸರುಗಳೇ ಎಷ್ಟು ಆಕಸ್ಮಿಕ ಎಂಬುದಕ್ಕೆ ಸುನಕ್ ಕುಟುಂಬವೇ ಸಾಕ್ಷಿ. ಅವರ ತಂದೆಯ ಕಡೆಯವರ ಊರು ಗುಜ್ರನ್‌ವಾಲಾ, ಇಂದು ಅದು ಪಾಕಿಸ್ತಾನದಲ್ಲಿದೆ. ಅಜ್ಜ ಅಲ್ಲಿಂದ ನೈರೋಬಿಗೆ ಹೋದರು, ತಂದೆ ಕೀನ್ಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ವೈದ್ಯರಾದರು. ಲಂಡನ್ನಿನ ಮೇಯರ್ ಸಾದಿಕ್ ಖಾನ್ ಅವರ ಅಜ್ಜ ಅಜ್ಜಿ ದೇಶವಿಭಜನೆಯ ಹೊತ್ತಿನಲ್ಲಿ ಭಾರತದಿಂದ ಪಾಕಿಸ್ತಾನಕ್ಕೆ ಹೋದವರು, ತಂದೆ ಲಂಡನ್ನಿನಲ್ಲಿ ಬಸ್ ಚಾಲಕರಾಗಿದ್ದರು. ಯಾರನ್ನು ಯಾವ ಖಾತೆಗೆ ಬರೆದುಕೊಳ್ಳುವುದು?

ಸಂಸ್ಕೃತಿಯ ವಾದವನ್ನು ಪರೀಕ್ಷಿಸಲು ಸರಳ ದಾರಿಯೊಂದಿದೆ. ಸಂಸ್ಕೃತಿಯೇ ಕಾರಣವಾದರೆ ಅದು ಸಮುದ್ರ ದಾಟಿದ ಕೂಡಲೇ ಬದಲಾಗಬಾರದು. ಅಮೆರಿಕಕ್ಕೆ ಹೋದ ಪಾಕಿಸ್ತಾನಿಯರನ್ನು ನೋಡಿ. ಅವರ ಕುಟುಂಬಗಳ ಮಧ್ಯಮ ಆದಾಯ ಇಡೀ ಅಮೆರಿಕದ ಮಧ್ಯಮ ಆದಾಯಕ್ಕಿಂತ ಹೆಚ್ಚು. ಪದವೀಧರರ ಪ್ರಮಾಣವೂ ಹೆಚ್ಚು. ಧರ್ಮ ಅದೇ, ದೇಶ ಅದೇ. ಆದರೆ 1965ರ ವಲಸೆ ಕಾನೂನಿನ ನಂತರ ಅಮೆರಿಕ ತೆರೆದ ಬಾಗಿಲು ವೈದ್ಯರು, ಎಂಜಿನಿಯರುಗಳು, ಉನ್ನತ ವ್ಯಾಸಂಗಕ್ಕೆ ಬಂದವರನ್ನು ಆಯ್ದು ಒಳಬಿಟ್ಟಿತು. ಭಾರತೀಯರ ಕಥೆಯೂ ಅಷ್ಟೇ. ಅಮೆರಿಕದಲ್ಲಿರುವ ಭಾರತ ಮೂಲದ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಪದವೀಧರರು. ಭಾರತದೊಳಗೆ ಅಂಥವರು ಸಣ್ಣ ಪಾಲು. ಅಂದರೆ ಅಲ್ಲಿ ಕಾಣುವುದು ಭಾರತವನ್ನಲ್ಲ, ಭಾರತದ ಪರೀಕ್ಷಾ ವ್ಯವಸ್ಥೆ ಒಮ್ಮೆ, ವೀಸಾ ವ್ಯವಸ್ಥೆ ಇನ್ನೊಮ್ಮೆ ಸೋಸಿ ಕಳಿಸಿದ ತೆಳುವಾದ ಪದರವನ್ನು. ಇದಕ್ಕೆ ಎದುರಾಗಿ ದುಬೈ, ದೋಹಾ, ರಿಯಾದ್‌ಗಳ ಕಾರ್ಮಿಕ ಶಿಬಿರಗಳಲ್ಲಿ ಬಂಕ್ ಮಂಚಗಳ ಮೇಲೆ ಮಲಗುವ ಲಕ್ಷಾಂತರ ಭಾರತೀಯರನ್ನು ಇಟ್ಟು ನೋಡಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಬದುಕು ಗಲ್ಫ್ ದುಡಿಮೆಯ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದ ಎಂಜಿನಿಯರಿನ ಸಂಬಳಕ್ಕೆ ಭಾರತೀಯ ಸಂಸ್ಕೃತಿ ಕಾರಣವೆನ್ನುವವರು ಗಲ್ಫಿನ ಗಾರೆ ಕೆಲಸಗಾರನ ಸಂಬಳಕ್ಕೂ ಅದನ್ನೇ ಕಾರಣವಾಗಿ ಕೊಡಬೇಕಾಗುತ್ತದೆ. ಕೊಡುವುದಿಲ್ಲ, ಏಕೆಂದರೆ ಅಲ್ಲಿ ಬಾಗಿಲು ಬೇರೆ ಎಂಬುದು ಎಲ್ಲರಿಗೂ ಚೆನ್ನಾಗಿ ಗೊತ್ತು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಬಾಗಿಲಿನ ಮಾತು ಮೊದಲ ತಲೆಮಾರಿಗೆ ಸರಿ, ಮೂರನೆಯ ತಲೆಮಾರು ಬಂದರೂ ಅಂತರ ಏಕೆ ಮುಚ್ಚಿಲ್ಲ? ಓದಿಗೆ ಬೆಲೆ ಕೊಡದಿರುವುದು, ಹೆಂಗಸರನ್ನು ಮನೆಯಲ್ಲೇ ಇರಿಸುವುದು, ಊರಿನಿಂದಲೇ ವಧುವರರನ್ನು ತರುವುದು ಕಾರಣವಲ್ಲವೇ? ಮೊದಲನೆಯದು ಶುದ್ಧ ತಪ್ಪು. ಪಾಕಿಸ್ತಾನಿ ಮೂಲದ ಬ್ರಿಟಿಷ್ ಯುವಜನರು ವಿಶ್ವವಿದ್ಯಾಲಯ ಸೇರುವ ಪ್ರಮಾಣ ಬಿಳಿಯ ಬ್ರಿಟಿಷ್ ಯುವಜನರಿಗಿಂತ ಹೆಚ್ಚಿದೆ. ಓದಿದ ಮೇಲೆ ಅದಕ್ಕೆ ತಕ್ಕ ಕೆಲಸ ಸಿಗುವುದರಲ್ಲಿ ಅವರು ಹಿಂದೆ ಬೀಳುತ್ತಾರೆ. ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳಿಸಿ ಆಕ್ಸ್‌ಫರ್ಡ್‌ನ ನಫೀಲ್ಡ್ ಕಾಲೇಜಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯರಿಗೆ ಸಿಕ್ಕಷ್ಟೇ ಕರೆ ಸಿಗಬೇಕಾದರೆ ಪಾಕಿಸ್ತಾನಿ ಹೆಸರಿನವರು ಸುಮಾರು ಶೇ. 70ರಷ್ಟು ಹೆಚ್ಚು ಅರ್ಜಿ ಹಾಕಬೇಕಾಗಿತ್ತು. ಹೆಂಗಸರ ಉದ್ಯೋಗದ ಮಾತು ಹಾಗಲ್ಲ, ಅದರಲ್ಲಿ ಸತ್ಯವಿದೆ. ಮನೆಯಲ್ಲಿ ಒಂದೇ ಸಂಬಳ ಬಂದರೆ ಬಡತನ ಹೆಚ್ಚುತ್ತದೆ, ಹೆಂಗಸರು ಹೊರಗೆ ದುಡಿಯಬಾರದೆಂಬ ಕಟ್ಟುಪಾಡು ಎಲ್ಲಿದ್ದರೂ ಅದನ್ನು ಖಂಡಿಸಲೇಬೇಕು. ಜನಾಂಗದ್ವೇಷದ ಭಯದಿಂದ ಅದನ್ನು ಮುಚ್ಚಿಡುವವರು ಆ ಹೆಣ್ಣುಮಕ್ಕಳಿಗೇ ದ್ರೋಹ ಬಗೆಯುತ್ತಾರೆ. ಆದರೆ ಈ ಕಟ್ಟುಪಾಡಾಗಲಿ, ಊರಿನಿಂದ ವಧುವರರನ್ನು ತರುವ ರೂಢಿಗೆ ಹೊಂದಿಕೊಂಡ ನೆಂಟರೊಳಗಿನ ಮದುವೆಯಾಗಲಿ ಕಲ್ಲಿನಲ್ಲಿ ಕೊರೆದದ್ದಲ್ಲ. ಬ್ರಾಡ್‌ಫರ್ಡಿನಲ್ಲಿ ಹುಟ್ಟಿದ ಮಕ್ಕಳನ್ನು 2007ರಿಂದ ಅಧ್ಯಯನ ಮಾಡುತ್ತ ಬಂದಿರುವ ಸಂಶೋಧಕರು, ಪಾಕಿಸ್ತಾನಿ ಮೂಲದ ತಾಯಂದಿರಲ್ಲಿ ರಕ್ತಸಂಬಂಧದೊಳಗಿನ ಮದುವೆ ಹತ್ತೇ ವರ್ಷಗಳಲ್ಲಿ ಸುಮಾರು ಶೇ. 60ರಿಂದ ಶೇ. 46ಕ್ಕೆ ಇಳಿದದ್ದನ್ನು ಕಂಡಿದ್ದಾರೆ. ಅಲ್ಲೇ ಹುಟ್ಟಿ ಓದಿದ ಹೆಣ್ಣುಮಕ್ಕಳಲ್ಲಿ ದುಡಿಯುವವರು ಅವರ ತಾಯಂದಿರಿಗಿಂತ ಬಹಳ ಹೆಚ್ಚು.

ಧರ್ಮದ ವಾದಕ್ಕೆ ಕೊನೆಯ ಉತ್ತರ ಬ್ರಾಡ್‌ಫರ್ಡಿನಲ್ಲಿಲ್ಲ, ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿದೆ. ಅಲ್ಲಿನ ಬಾಂಗ್ಲಾದೇಶಿಗಳು ಸಿಲ್ಹೆಟ್ ಜಿಲ್ಲೆಯ ಹಳ್ಳಿಗಳಿಂದ ಬಂದವರು. ಅವರೂ ಮುಸ್ಲಿಮರು, ಅವರೂ ರೈತರು, ಅವರ ಕುಟುಂಬಗಳು ಬಂದದ್ದಂತೂ ಮೀರ್‌ಪುರದವರಿಗಿಂತ ತಡವಾಗಿ. 2018ರ ಅದೇ ಲೆಕ್ಕದಲ್ಲಿ ಬ್ರಿಟನ್ನಿನ ಬಾಂಗ್ಲಾದೇಶಿಗಳ ಗಂಟೆಯ ಮಧ್ಯಮ ವೇತನ 9.60 ಪೌಂಡ್, ಪಾಕಿಸ್ತಾನಿಯರಿಗಿಂತಲೂ ಕಡಿಮೆ. 1997ರಲ್ಲಿ ಶಾಲಾ ಫಲಿತಾಂಶದಲ್ಲಿ ಟವರ್ ಹ್ಯಾಮ್ಲೆಟ್ಸ್ ಇಂಗ್ಲೆಂಡಿನ ಎಲ್ಲ ಸ್ಥಳೀಯ ಶಿಕ್ಷಣ ಆಡಳಿತಗಳಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಮುಂದಿನ ಹದಿನೈದು ವರ್ಷಗಳಲ್ಲಿ ಅಲ್ಲಿನ ಶಾಲೆಗಳಿಗೆ ಹಣ ಬಂತು, ಒಳ್ಳೆಯ ಶಿಕ್ಷಕರು ಬಂದು ಉಳಿದರು, 2003ರಲ್ಲಿ ಶುರುವಾದ ಲಂಡನ್ ಚಾಲೆಂಜ್ ಯೋಜನೆ ಕಳಪೆ ಶಾಲೆಗಳ ಕೈಹಿಡಿಯಿತು. ಇಂದು ಬಾಂಗ್ಲಾದೇಶಿ ಮೂಲದ ಮಕ್ಕಳು ಹದಿನಾರನೆಯ ವಯಸ್ಸಿನ ಪರೀಕ್ಷೆಯಲ್ಲಿ ಬಿಳಿಯ ಬ್ರಿಟಿಷ್ ಮಕ್ಕಳನ್ನು ಸರಾಸರಿಯಲ್ಲಿ ಹಿಂದೆ ಹಾಕಿದ್ದಾರೆ. ಈ ನಡುವೆ ಅವರ ಮಸೀದಿಯೂ ಬದಲಾಗಿಲ್ಲ, ಮನೆಮಾತೂ ಬದಲಾಗಿಲ್ಲ. ಬದಲಾದದ್ದು ಶಾಲೆ, ನಡಿಗೆಯ ದೂರದಲ್ಲಿದ್ದದ್ದು ಲಂಡನ್ನಿನ ಉದ್ಯೋಗ ಮಾರುಕಟ್ಟೆ. ನಿಜ ಹೇಳಬೇಕೆಂದರೆ, ಹೋಲಿಸಬೇಕಾದ ಜೋಡಿ ಬ್ರಾಡ್‌ಫರ್ಡ್ ಮತ್ತು ಟವರ್ ಹ್ಯಾಮ್ಲೆಟ್ಸ್. ಹಿನ್ನೆಲೆ ಒಂದೇ ಇದ್ದು ಊರು ಮಾತ್ರ ಬೇರೆಯಾದಾಗ ಏನಾಗುತ್ತದೆ ಎಂದು ಇದು ತೋರಿಸುತ್ತದೆ.

ಜನಾಂಗೀಯ ಅಸಮಾನತೆಯ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಟೋನಿ ಸೀವೆಲ್ ಆಯೋಗದ ವರದಿ 2021ರ ಮಾರ್ಚಿನಲ್ಲಿ ಬಂದಾಗ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೆದ್ದಿತು. ಅಲ್ಪಸಂಖ್ಯಾತರೆಲ್ಲರ ಸ್ಥಿತಿ ಒಂದೇ ಅಲ್ಲ, ಎಲ್ಲ ಅಂತರಕ್ಕೂ ಜನಾಂಗದ್ವೇಷವೊಂದೇ ಕಾರಣವಲ್ಲ ಎಂದು ಆಯೋಗ ಹೇಳಿದ್ದು ಸರಿಯೇ. ಆದರೆ ಕೆಲವು ಸಮುದಾಯಗಳ ಗೆಲುವನ್ನು ಅವರ ಆಶಾವಾದ, ಕುಟುಂಬದ ಶಿಸ್ತುಗಳ ಲೆಕ್ಕಕ್ಕೆ ಹೆಚ್ಚಾಗಿ ಬರೆದದ್ದರಿಂದ, ಸೋತವರಿಗೆ ಸರ್ಕಾರ ಮಾಡಬೇಕಾದ್ದು ಹೆಚ್ಚೇನಿಲ್ಲ ಎನ್ನುವವರ ಕೈಗೆ ಅದು ಬಲ ಕೊಟ್ಟಿತು. ನಮ್ಮ ದೇಶದಲ್ಲಿ ಇದೇ ಹೋಲಿಕೆ ಇನ್ನೂ ಕೆಟ್ಟ ಕೆಲಸ ಮಾಡುತ್ತದೆ. ಬ್ರಾಡ್‌ಫರ್ಡಿನ ಬಡ ಮುಸ್ಲಿಮನನ್ನು ತೋರಿಸಿ ಕಲಬುರಗಿಯ ಬಡ ಮುಸ್ಲಿಮನನ್ನೂ ಅವನ ಬಡತನಕ್ಕೆ ಹೊಣೆ ಮಾಡಲಾಗುತ್ತದೆ.

ಗೆದ್ದ ಸಮುದಾಯವೆಂಬ ಬಿರುದು ಭಾರತೀಯರನ್ನೂ ಕಾಯುವುದಿಲ್ಲ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಕೋಳ ತೊಡಿಸಿ ತಂದು ಅಮೃತಸರದಲ್ಲಿ ಇಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಹೊರಟಾಗ, ಆ ವೀಸಾಗಳಲ್ಲಿ ಹತ್ತಕ್ಕೆ ಏಳರಷ್ಟನ್ನು ಪಡೆಯುತ್ತಿದ್ದ ಭಾರತೀಯರಲ್ಲಿ, ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಆತಂಕ ಹರಡಿತು. ಅವರ ಸಂಸ್ಕೃತಿ ಒಂದು ರಾತ್ರಿಯಲ್ಲಿ ಕುಸಿದಿರಲಿಲ್ಲ. ಯಾರನ್ನು ಒಳಬಿಡಬೇಕು ಎಂಬ ನಿಯಮ ಬದಲಾಗಿತ್ತು. ಬ್ರಾಡ್‌ಫರ್ಡಿಗೂ ಬೇಕಾಗಿರುವುದು ಇಂಥ ಲೌಕಿಕ ಸಂಗತಿಗಳೇ: ಟವರ್ ಹ್ಯಾಮ್ಲೆಟ್ಸ್‌ಗೆ ಸಿಕ್ಕಂಥ ಶಾಲೆಗಳು, ಹೆಸರು ನೋಡಿ ಅರ್ಜಿ ತಳ್ಳದ ಉದ್ಯೋಗದಾತರು, ಐದು ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರಾಡಳಿತದ ಕೇಂದ್ರದಲ್ಲಿ ಇಂದಿಗೂ ಎರಡು ಕೊನೆಯ ನಿಲ್ದಾಣಗಳಲ್ಲಿ ಬಂದು ನಿಂತುಬಿಡುವ ರೈಲು ಹಳಿಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ.